ಲೆದರ್ ಜಾಕೆಟ್ ಸುಕ್ಕಾಗಿದೆಯಾ? ಇಸ್ತ್ರಿಪೆಟ್ಟಿಗೆ ಆಮೇಲೆ ನೋಡೋಣ

ತಿಂಗಳುಗಟ್ಟಲೆ ಮಡಚಿಟ್ಟ ಲೆದರ್ ಜಾಕೆಟ್ ಹೊರಗೆ ತೆಗೆದರೆ ಮೈಯೆಲ್ಲ ಸುಕ್ಕು. ನಾಳೆಯೇ ಹಾಕಿಕೊಂಡು ಹೋಗಬೇಕು ಅಂದರೆ ಕೈ ತಾನಾಗಿಯೇ ಇಸ್ತ್ರಿಪೆಟ್ಟಿಗೆ ಕಡೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ಹತ್ತಿ ಅಂಗಿ ತುಸು ಸುಟ್ಟರೆ ಒಂದು ಕಲೆ, ಅಷ್ಟೇ. ಚರ್ಮಕ್ಕೆ ಕಾವು ಮೀರಿದರೆ ಅದು ಮುದುಡಿ ಗಡುಸಾಗುತ್ತದೆ. ಆಮೇಲೆ ಏನು ಹಚ್ಚಿ ತಿಕ್ಕಿದರೂ ಮೊದಲಿನ ಹಾಗಾಗುವುದಿಲ್ಲ.

ಯಾಕೆ ಹೀಗೆ ಅನ್ನೋದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ. ಚರ್ಮ ಅಂದರೆ ಕೊಲ್ಯಾಜನ್ ಎಂಬ ಪ್ರೋಟೀನಿನ ಸಣ್ಣ ಸಣ್ಣ ನಾರುಗಳ ಹೆಣಿಗೆ. ಹದ ಮಾಡುವಾಗ ಈ ನಾರುಗಳ ನಡುವೆ ಎಣ್ಣೆಯಂಶ ಸೇರಿಸಿರುತ್ತಾರೆ. ಹಾಗಾಗಿಯೇ ಚರ್ಮ ಮೆತ್ತಗೆ ಬಾಗುತ್ತದೆ. ಬಹಳ ದಿನ ಭಾರದ ಕೆಳಗೆ ಮಡಿಕೆಯಾಗಿ ಬಿದ್ದಿದ್ದರೆ ನಾರುಗಳು ಅದೇ ಆಕಾರಕ್ಕೆ ಒಗ್ಗಿಕೊಳ್ಳುತ್ತವೆ. ಸ್ವಲ್ಪ ಬೆಚ್ಚಗಾದರೆ, ಚೂರು ತೇವ ತಾಗಿದರೆ ಸಡಿಲವಾಗುತ್ತವೆ. ಕಾವು ಜಾಸ್ತಿಯಾದರೆ ಮಾತ್ರ ನಾರೇ ಕುಗ್ಗಿಬಿಡುತ್ತದೆ. ಮರದ ತೊಗಟೆಯಂಥವುಗಳಿಂದ ಹದ ಮಾಡಿದ ಚರ್ಮ ಒದ್ದೆಯಿದ್ದಾಗ 70ರಿಂದ 85 ಡಿಗ್ರಿ ಸೆಲ್ಸಿಯಸ್‌ಗೇ ಮುದುಡಲು ಶುರುವಾಗುತ್ತದೆ. ಕ್ರೋಮ್, ಅಂದರೆ ಕ್ರೋಮಿಯಂ ಲೋಹದ ಲವಣ ಹಾಕಿ ಹದ ಮಾಡಿದ್ದು 100ರ ಆಸುಪಾಸಿನವರೆಗೆ ತಡೆಯುತ್ತದೆ. ಇಸ್ತ್ರಿಪೆಟ್ಟಿಗೆಯ ಬಿಸಿ ಹೊಂದಿಸುವ ಗುಂಡಿಯಲ್ಲಿ ಒಂದು ಚುಕ್ಕಿ ಅಂದರೇನೇ ಸುಮಾರು 110 ಡಿಗ್ರಿವರೆಗೆ. ಎರಡು ಚುಕ್ಕಿಗೆ ಸುಮಾರು 150, ಮೂರಕ್ಕೆ ಸುಮಾರು 200. ಈಗ ಹೇಳಿ, ಭಯಪಡಬೇಕೋ ಬೇಡವೋ?

ಮೊದಲು ಜಾಕೆಟ್ ಯಾವುದರದ್ದು ಅಂತ ನೋಡಿ. ಒಳಗಡೆ ಲೇಬಲ್ ಇದ್ದರೆ ಓದಿ, ಅದರಲ್ಲಿ ಹೇಳಿದ್ದೇ ಮೊದಲ ಮಾತು. ಅಂಗಡಿಯಲ್ಲಿ ಲೆದರ್ ಅಂತ ಕೊಟ್ಟಿದ್ದೆಲ್ಲ ಚರ್ಮವಾಗಿರುವುದಿಲ್ಲ. ಜೇಬಿನ ಒಳಗೋ ಹೊಲಿಗೆಯ ಅಂಚಿನಲ್ಲೋ ಹಿಂಬದಿ ಕಂಡರೆ ಗಮನಿಸಿ. ಬಟ್ಟೆಯ ನೇಯ್ಗೆ ಕಂಡರೆ ಅದು ರೆಕ್ಸಿನ್ ಜಾತಿಯದು, ಮೇಲೆ ಪ್ಲಾಸ್ಟಿಕ್ ಲೇಪ. ಅದಕ್ಕೆ ಇಸ್ತ್ರಿ ಬೇಡವೇ ಬೇಡ, ಲೇಪ ಮೆತ್ತಗಾಗಿ ಅಂಟಿಕೊಳ್ಳುತ್ತದೆ. ಮಖಮಲ್ಲಿನ ಹಾಗೆ ನವಿರಾದ ಸ್ವೇಡ್ ಆದರೆ ನೀರು, ಕ್ರೀಮು ಎರಡೂ ದೂರ. ಹನಿ ಬಿದ್ದರೂ ಕಲೆ ನಿಲ್ಲುತ್ತದೆ. ನುಣ್ಣನೆಯ ಚರ್ಮವಾದರೆ ಒಳ ಅಂಚಿನಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ, ಬೆರಳ ತುದಿಯಿಂದ ಒಂದು ಹನಿ ನೀರಿಟ್ಟು ನೋಡಿ. ಹನಿ ಹಾಗೇ ಉಂಡೆಯಾಗಿ ನಿಂತರೆ ಮೇಲೆ ಬಣ್ಣದ ಲೇಪ ಚೆನ್ನಾಗಿದೆ ಅಂತ ಅರ್ಥ. ಬೇಗ ಇಂಗಿ ಆ ಜಾಗ ಕಪ್ಪಾದರೆ ಅದು ಸೂಕ್ಷ್ಮದ ಚರ್ಮ. ಅದನ್ನು ತೂಗುಹಾಕುವುದಷ್ಟೇ ನಿಮ್ಮ ಕೆಲಸ.

ಇನ್ನೊಂದು ಮಾತು. ಎಲ್ಲ ಸುಕ್ಕನ್ನೂ ತೆಗೆಯಬೇಕಾಗಿಲ್ಲ. ಮೊಣಕೈ ಒಳಮಗ್ಗುಲಲ್ಲಿ, ಕಂಕುಳ ಹತ್ತಿರ ಬರುವ ನಿರಿಗೆ ಹಾಕಿಕೊಂಡಿದ್ದರಿಂದ ಬಂದದ್ದು. ಇವತ್ತು ತೆಗೆದರೆ ನಾಳೆ ಮತ್ತೆ ಬರುತ್ತದೆ. ಗಾಜಿನ ಹಾಗೆ ನುಣ್ಣಗಿರುವ ಲೆದರ್ ಜಾಕೆಟ್ ನೋಡಿದರೆ ನನಗಂತೂ ಅದರ ಮೇಲೇ ಅನುಮಾನ. ಕೆಲವು ಸಲ ತಪ್ಪು ಚರ್ಮದ್ದೇ ಅಲ್ಲ, ಒಳಗಿನ ಲೈನಿಂಗ್ ಬಟ್ಟೆ ಕುಗ್ಗಿ ಚರ್ಮವನ್ನು ಎಳೆಯುತ್ತಿರುತ್ತದೆ. ಕೆಳ ಅಂಚಿನುದ್ದಕ್ಕೂ ಹೊಲಿಗೆಯ ಹತ್ತಿರ ಮಾತ್ರ ಮುದುಡಿದ್ದರೆ ಇದೇ ಇರಬಹುದು. ಅದಕ್ಕೆ ದರ್ಜಿ ಬೇಕು, ಇಸ್ತ್ರಿಯಲ್ಲ.

ಸರಿ, ಈಗ ಕೆಲಸಕ್ಕೆ ಬರೋಣ. ಜೇಬು ಖಾಲಿ ಮಾಡಿ. ಭುಜ ಅಗಲವಿರುವ ಮರದ ಹ್ಯಾಂಗರ್‌ಗೆ ಜಾಕೆಟ್ ಹಾಕಿ, ಝಿಪ್ ಎಳೆಯಿರಿ, ಕಾಲರ್ ಮಡಚಿ ಕೂರಿಸಿ, ತೋಳು ನೇರ ಬಿಡಿ. ತಂತಿಯ ಹ್ಯಾಂಗರ್ ಬೇಡ, ಭುಜದಲ್ಲಿ ಗೂನು ಬರುತ್ತದೆ. ಬಿಸಿಲು ಬೀಳದ, ಗಾಳಿಯಾಡುವ ಕಡೆ ಎರಡು ಮೂರು ದಿನ ತೂಗಲಿ. ಹಾದುಹೋಗುವಾಗೊಮ್ಮೆ ಅಂಗೈಯಿಂದ ಮೇಲಿನಿಂದ ಕೆಳಕ್ಕೆ ಸವರಿ. ಜಾಕೆಟ್‌ನ ಭಾರವೇ ಅರ್ಧ ಸುಕ್ಕು ಎಳೆದುಬಿಡುತ್ತದೆ. ಮನೆಯಲ್ಲಿ ಸುಮ್ನೆ ಒಂದಿಷ್ಟು ಹೊತ್ತು ಹಾಕಿಕೊಂಡು ಓಡಾಡಿದರೂ ಆದೀತು. ಮೈಯ ಬಿಸಿ ಚರ್ಮಕ್ಕೆ ಹಿತವಾದ ಬಿಸಿ.

“ಇವತ್ತು ಸಂಜೆಗೇ ಬೇಕು” ಅನ್ನುವವರು ಇದ್ದೇ ಇರುತ್ತಾರೆ. ಅವರಿಗೆ ಬಚ್ಚಲುಮನೆಯ ಹಬೆ. ಬಾಗಿಲು ಕಿಟಕಿ ಮುಚ್ಚಿ ಬಿಸಿನೀರಿನ ಷವರ್ ಬಿಡಿ. ಷವರ್ ಇಲ್ಲದಿದ್ದರೆ ಎರಡು ಬಕೆಟ್ ಬಿಸಿನೀರು ತುಂಬಿಡಿ. ನೀರು ಸಿಡಿಯದಷ್ಟು ದೂರದಲ್ಲಿ ಜಾಕೆಟ್ ತೂಗುಹಾಕಿ. 10–15 ನಿಮಿಷ ಸಾಕು. ಮುಟ್ಟಿದರೆ ಬೆಚ್ಚಗೆ, ಮೆತ್ತಗೆ ಇರಬೇಕು, ಒದ್ದೆಯಾಗಿರಬಾರದು. ಮೇಲೆ ಹನಿ ಕೂತಿದ್ದರೆ ಒಣ ಬಟ್ಟೆಯಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ. ಹೊರಗೆ ತಂದ ತಕ್ಷಣ ಸುಕ್ಕಿನ ಎರಡೂ ಬದಿ ಹಿಡಿದು ಹಗುರವಾಗಿ ಎಳೆದು, ಅಂಗೈಯಿಂದ ಸವರಿ ಬಿಡಿ. ಆರಿದ ಮೇಲೆ ಎಳೆದರೆ ಪ್ರಯೋಜನ ಇಲ್ಲ. ಹಬೆಯ ಯಂತ್ರವನ್ನು ಚರ್ಮದ ಹತ್ತಿರಕ್ಕೇ ಹಿಡಿಯುವುದು ನನಗೆ ಒಪ್ಪಿಗೆಯಿಲ್ಲ. ಅಲ್ಲಿ ತೇವವೂ ಇದೆ, ಕುದಿಯುವ ಬಿಸಿಯೂ ಇದೆ, ಎರಡೂ ಒಂದೇ ಜಾಗಕ್ಕೆ ಬೀಳುತ್ತವೆ. ಹೇರ್ ಡ್ರೈಯರ್ ಆದರೆ ಕಡಿಮೆ ಬಿಸಿಗಿಟ್ಟು, ಒಂದು ಗೇಣು ದೂರದಿಂದ, ಒಂದೇ ಕಡೆ ನಿಲ್ಲಿಸದೆ ಆಡಿಸಿ.

ಕಾಲರ್ ತುದಿ ಸೊಟ್ಟಗಾಗಿದ್ದರೆ ಹಬೆಯೂ ಬೇಕಿಲ್ಲ. ಬಿಳಿ ಹತ್ತಿ ಬಟ್ಟೆ ಮೇಲೊಂದು ಕೆಳಗೊಂದು ಇಟ್ಟು, ನಡುವೆ ಕಾಲರ್ ನೇರವಾಗಿ ಹರಡಿ, ಮೇಲೆ ಎರಡು ದಪ್ಪ ಪುಸ್ತಕ ಹೇರಿ. ರಾತ್ರಿ ಇಟ್ಟರೆ ಬೆಳಗ್ಗೆ ಕೂತಿರುತ್ತದೆ.

ಇಷ್ಟಕ್ಕೂ ಬಗ್ಗದ ಮಡಿಕೆ ಇದ್ದರೆ ಮಾತ್ರ ಇಸ್ತ್ರಿ. ಅದೂ ಲೇಬಲ್‌ನಲ್ಲಿ ಇಸ್ತ್ರಿ ಬೇಡ ಅಂತ ಇಲ್ಲದಿದ್ದರೆ, ಜಾಕೆಟ್ ಪೂರ್ತಿ ಒಣಗಿದ್ದರೆ. ಪೆಟ್ಟಿಗೆಯಲ್ಲಿ ನೀರಿದ್ದರೆ ಚೆಲ್ಲಿ, ಹಬೆಯ ಗುಂಡಿ ಆಫ್ ಮಾಡಿ, ಅತಿ ಕಡಿಮೆ ಬಿಸಿಗಿಡಿ. ತೋಳೊಳಗೆ ಸುತ್ತಿದ ಟವೆಲ್ ತುರುಕಿ, ಇಲ್ಲದಿದ್ದರೆ ಎದುರು ಬದಿಯಲ್ಲಿ ಹೊಸ ಗೆರೆ ಬೀಳುತ್ತದೆ. ಚರ್ಮದ ಮೇಲೆ ದಪ್ಪ ಹತ್ತಿ ಬಟ್ಟೆ ಹರಡಿ. ಹಳೇ ದಿಂಬಿನ ಕವರ್ ಎರಡು ಪದರವಾಗಿ ಮಡಚಿದರೆ ಸರಿಹೋಗುತ್ತದೆ. ಬಣ್ಣ ಬಿಡುವ ಬಟ್ಟೆ ಬೇಡ, ಬರಹ ಅಚ್ಚಾದ ಕಾಗದ ಬೇಡ. ಮೊದಲು ಒಳ ಅಂಚಿನ ಒಂದು ಮೂಲೆಯಲ್ಲಿ ಮಾಡಿ ನೋಡಿ. ಪೆಟ್ಟಿಗೆ ಇಟ್ಟು ಎರಡು ಮೂರು ಸೆಕೆಂಡು ಜಾರಿಸಿ, ಎತ್ತಿ, ಬಟ್ಟೆ ಸರಿಸಿ ಚರ್ಮವನ್ನು ಬೆರಳಿಂದ ಮುಟ್ಟಿ. ಬೆಚ್ಚಗಿದ್ದರೆ ಮುಂದುವರಿಸಿ. ಬೆರಳು ಹಿಂದೆ ಎಳೆದುಕೊಳ್ಳುವಷ್ಟು ಬಿಸಿಯಿದ್ದರೆ ಅಲ್ಲಿಗೇ ನಿಲ್ಲಿಸಿ, ಪೆಟ್ಟಿಗೆ ಆರಲಿ. ಹೊಳಪು ಬಂದಿದೆಯಾ, ಬಣ್ಣ ತಿರುಗಿದೆಯಾ, ಮೂಗಿಗೆ ಕೂದಲು ಸುಟ್ಟ ವಾಸನೆಯೇನಾದರೂ ಬರುತ್ತಾ ಅಂತಲೂ ನೋಡಿಕೊಳ್ಳಿ. ಪೂರ್ತಿ ನೇರವಾಗಲಿ ಅಂತ ಹಠ ಹಿಡಿಯಬೇಡಿ. ಮುಕ್ಕಾಲು ಹೋದರೆ ಹ್ಯಾಂಗರ್‌ಗೆ ಹಾಕಿ ತಣಿಯಲು ಬಿಡಿ.

ವಿನೆಗರ್, ಸ್ಪಿರಿಟ್ ಸಿಂಪಡಿಸಿದರೆ ಸುಕ್ಕು ಹೋಗುತ್ತದೆ ಅಂತ ಯಾರೋ ಹೇಳಿರುತ್ತಾರೆ. ಸ್ಪಿರಿಟ್ ಬಣ್ಣದ ಲೇಪವನ್ನೇ ಎಬ್ಬಿಸಬಹುದು. ಕೊಬ್ಬರಿ ಎಣ್ಣೆ ಹಚ್ಚಿದ ದಿನ ಜಾಕೆಟ್ ಚೆನ್ನಾಗಿಯೇ ಕಾಣುತ್ತದೆ. ಆಮೇಲೆ ಬಣ್ಣ ಗಾಢವಾಗುತ್ತದೆ, ಧೂಳು ಹಿಡಿಯುತ್ತದೆ, ಕಮಟು ವಾಸನೆ ಬಂದರೂ ಬಂತು. ವಾಷಿಂಗ್ ಮೆಷಿನ್ ವಿಷಯ ಹೇಳಲೇಬೇಕಿಲ್ಲ, ಅಲ್ವಾ?

ಬಿಸಿ ತಾಗಿದ ಚರ್ಮ ಒಂದಿಷ್ಟು ಒಣಗಿರುತ್ತದೆ. ಅದಕ್ಕೆಂದೇ ಸಿಗುವ ಲೆದರ್ ಕಂಡಿಷನರ್, ಅಂದರೆ ಚರ್ಮವನ್ನು ಮೆತ್ತಗಿಡುವ ಕ್ರೀಮು ತನ್ನಿ. ಮೆತ್ತನೆ ಬಟ್ಟೆಗೆ ಚೂರೇ ಚೂರು ತೆಗೆದುಕೊಂಡು ತೆಳ್ಳಗೆ ಹಚ್ಚಿ, ಒಂದು ದಿನ ಬಿಟ್ಟು ಒಣ ಬಟ್ಟೆಯಿಂದ ಒರೆಸಿ. ಹಚ್ಚಿದ ಮೇಲೆ ಕೈಗೆ ಅಂಟುತ್ತಿದ್ದರೆ ಜಾಸ್ತಿಯಾಯಿತು ಅಂತಲೇ. ಇದನ್ನೂ ಮೂಲೆಯಲ್ಲಿ ಪರೀಕ್ಷೆ ಮಾಡಿಯೇ ಹಚ್ಚಬೇಕು. ಕೆಲವು ಚರ್ಮ ಕಂಡಿಷನರ್ ಕುಡಿದು ಒಂದು ಛಾಯೆ ಕಪ್ಪಾಗುತ್ತದೆ.

ಎತ್ತಿಡುವಾಗ ಪ್ಲಾಸ್ಟಿಕ್ ಕವರ್ ಹಾಕಬೇಡಿ, ಒಳಗೆ ತೇವ ನಿಂತು ಬೂಷ್ಟು ಬರುತ್ತದೆ. ಹತ್ತಿ ಬಟ್ಟೆಯ ಹೊದಿಕೆ ಸಾಕು. ಪಕ್ಕದ ಬಟ್ಟೆಗಳಿಗೂ ಇದಕ್ಕೂ ನಾಲ್ಕು ಬೆರಳು ಜಾಗ ಬಿಡಿ. ಪ್ರಯಾಣಕ್ಕೆ ಬ್ಯಾಗಿನಲ್ಲಿ ಹಾಕಲೇಬೇಕಾದರೆ ಎಲ್ಲಕ್ಕಿಂತ ಮೇಲೆ ಇಡಿ. ಮಡಿಕೆ ಬರುವ ಕಡೆಯೆಲ್ಲ ಒಂದು ಬನಿಯನ್ನೋ ಟವೆಲ್ಲೋ ಸುತ್ತಿ ಇಟ್ಟರೆ ಗೆರೆ ಚೂಪಾಗಿ ಬೀಳುವುದಿಲ್ಲ. ತಲುಪಿದ ಕೂಡಲೇ ಬ್ಯಾಗಿನಿಂದ ಮೊದಲು ಹೊರಗೆ ತೆಗೆಯಬೇಕಾದದ್ದು ಇದನ್ನೇ.