ಆಫ್‌ರೋಡ್ ಟೈರಿಗೆ ಗಾಳಿ: ಟ್ಯಾಂಕಾ, ಕಂಪ್ರೆಸರಾ?

ಮರಳಲ್ಲಿ ಓಡ್ಸೋಕೆ 35 ಪಿಎಸ್ಐ (ಗಾಳಿ ಒತ್ತಡದ ಅಳತೆ) ಇದ್ದ ಟೈರನ್ನ 15ಕ್ಕೆ ಇಳಿಸ್ತೀವಿ, ಇಳಿಸೋದು ಸುಲಭ, ವಾಪಸ್ ತುಂಬ್ಸೋದೇ ತಲೆನೋವು.

ಬರೀ ಗಾಳಿ ತುಂಬಿಡೋ ಸಣ್ಣ ಟ್ಯಾಂಕ್ ನಂಬ್ಕೊಂಡು ಹೋಗ್ಬೇಡಿ. ಲೆಕ್ಕ ನೋಡಿ, 19 ಲೀಟರಿನ ಟ್ಯಾಂಕಲ್ಲಿ 120 ಪಿಎಸ್ಐ ಇದ್ರೂ ದೊಡ್ಡ ಟೈರು ಒಂದು ತುಂಬೋ ಹೊತ್ತಿಗೆ ಅದು ಹೆಚ್ಚುಕಮ್ಮಿ ಖಾಲಿ, ಇನ್ನು ಮೂರು ಟೈರು ಹಾಗೇ ಇರುತ್ತೆ.

ಸಿಓ2 (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್ ಬೇರೆ ಮಾತು. ಒಳಗೆ ದ್ರವ ಇರೋದ್ರಿಂದ ತುಂಬಾ ಗ್ಯಾಸ್ ಹಿಡಿಯುತ್ತೆ, ಟೈರು ಬೇಗ ತುಂಬುತ್ತೆ, ಆದ್ರೆ ರೆಗ್ಯುಲೇಟರ್ ಬೇಕೇ ಬೇಕು, ನೆಟ್ಟಗೆ ನಿಲ್ಲಿಸ್ಬೇಕು ಇಲ್ಲಾಂದ್ರೆ ದ್ರವಾನೇ ಹೊರಗೆ ಬರುತ್ತೆ. ಜೋರಾಗಿ ಬಿಟ್ರೆ ವಾಲ್ವ್ ಮೇಲೆ ಬಿಳೀ ಹಿಮ ಕಟ್ಟುತ್ತೆ, ಬರಿಗೈಲಿ ಮುಟ್ಬೇಡಿ. ಎಷ್ಟು ಉಳಿದಿದೆ ಅಂತ ಮೀಟರ್ ನೋಡಿ ಗೊತ್ತಾಗಲ್ಲ, ದ್ರವ ಮುಗಿಯೋವರೆಗೂ ಮುಳ್ಳು ಇಳಿಯಲ್ಲ, ತೂಕ ಹಾಕೇ ನೋಡ್ಬೇಕು. ಬಿಸಿಲಲ್ಲಿ ಮುಚ್ಚಿದ ಗಾಡೀಲಿ ಇಡಲೇಬೇಡಿ, ಲೀಕಾದ್ರೆ ಉಸಿರು ಕಟ್ಟುತ್ತೆ.

ಕಂಪ್ರೆಸರ್ ನಿಧಾನ, ಸದ್ದು ಜಾಸ್ತಿ (ಪಕ್ಕದಲ್ಲಿ ಮಾತಾಡೋಕಾಗಲ್ಲ), ಆದ್ರೆ ಗಾಳಿ ಖಾಲಿಯಾಗೋ ಮಾತಿಲ್ಲ. ತಗೊಳ್ಳೋವಾಗ ಡಬ್ಬಿ ಮೇಲಿರೋ 150 ಪಿಎಸ್ಐ ನೋಡಿ ಮರುಳಾಗ್ಬೇಡಿ, ನಮಗೆ ಬೇಕಿರೋದು 35, ನೋಡ್ಬೇಕಿರೋದು ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತೆ ಮತ್ತೆ ಡ್ಯೂಟಿ ಸೈಕಲ್ (ಎಷ್ಟು ಹೊತ್ತು ಓಡ್ಸಿ ಎಷ್ಟು ಹೊತ್ತು ಆರೋಕೆ ಬಿಡ್ಬೇಕು ಅನ್ನೋ ಲೆಕ್ಕ) ಎಷ್ಟು ಅಂತ. ದೊಡ್ಡದನ್ನ ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕಿದ್ರೆ ಫ್ಯೂಸ್ ಹೋಗುತ್ತೆ, ನೇರ ಬ್ಯಾಟರಿಗೇ ಕ್ಲಿಪ್ ಹಾಕಿ, ಇಂಜಿನ್ ಆನ್ ಇರ್ಲಿ.

ಒಂದೇ ತಗೊಳ್ಳೋದಾದ್ರೆ ನಾನಂತೂ ಕಂಪ್ರೆಸರ್ ಅಂತೀನಿ, ನಾಲ್ಕೈದು ಗಾಡಿ ಒಟ್ಟಿಗೆ ಹೋಗೋ ಗುಂಪಾದ್ರೆ ಜೊತೆಗೊಂದು ಸಿಓ2 ಇಟ್ಕೊಳ್ಳಿ.