ನೈಟ್ರಸ್ ಒತ್ತಿದರೆ ಪೆಟ್ರೋಲ್ ಸಾಲುತ್ತಿರಲಿಲ್ಲ: ನನ್ನ ಅನುಭವ

ಚಿಕ್ಕಮಗಳೂರಿನ ನಮ್ಮ ಗ್ಯಾರೇಜಿಗೆ ಬಂದದ್ದು ಟ್ರ್ಯಾಕಿನಲ್ಲಷ್ಟೇ ಓಡಿಸುವ ಪೆಟ್ರೋಲ್ ಕಾರು. ಮಾಮೂಲಿ ಓಟದಲ್ಲಿ ತೊಂದರೆಯಿಲ್ಲ. ನೈಟ್ರಸ್ (ಶಕ್ತಿ ಹೆಚ್ಚಿಸಲು ಎಂಜಿನ್ನಿಗೆ ಬಿಡುವ ನೈಟ್ರಸ್ ಆಕ್ಸೈಡ್ ಅನಿಲ) ಬಟನ್ ಒತ್ತಿದರೆ ಎಂಜಿನ್ ತಡವರಿಸಿ ನಾಕಿಂಗ್ (ಸಿಲಿಂಡರಿನೊಳಗೆ ಇಂಧನ ತಪ್ಪಾಗಿ ಹೊತ್ತಿ ಬರುವ ಟಕಟಕ ಸದ್ದು) ಶುರು. ಹೀಗಾದಾಗ ದಯವಿಟ್ಟು ಮತ್ತೆ ಒತ್ತಿ ನೋಡಬೇಡಿ. ನೈಟ್ರಸ್ ಆಕ್ಸೈಡ್‌ನಲ್ಲಿ ತೂಕದ ಲೆಕ್ಕಕ್ಕೆ ಸುಮಾರು 36% ಆಮ್ಲಜನಕವಿದೆ. ಅದಕ್ಕೆ ತಕ್ಕ ಪೆಟ್ರೋಲ್ ಸೇರದಿದ್ದರೆ ಪಿಸ್ಟನ್ ಕರಗಿಯೇ ಹೋಗಬಹುದು.

ಮೊದಲು ನೈಟ್ರಸ್ ಬಾಟಲಿಯ ವಾಲ್ವನ್ನು ನಾನು ಮುಚ್ಚಿದೆ. ಪೆಟ್ರೋಲ್ ಫಿಲ್ಟರ್ ಹೊಸದು, ಸೊಲೆನಾಯ್ಡ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಜಾಲರಿಯೂ ಚೊಕ್ಕ. ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಒತ್ತಡದ ಗೇಜ್ 3 ಬಾರ್ ತೋರಿಸಿತು. ಆದರೆ ಪ್ರೆಶರ್ ಇದ್ದ ಮಾತ್ರಕ್ಕೆ ಹರಿವು ಸಾಕಷ್ಟಿದೆ ಎಂದಲ್ಲ. ಎಂಜಿನ್ ತಣ್ಣಗಾದ ಮೇಲೆ, ಬಯಲಿನಲ್ಲಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು, ರಿಟರ್ನ್ ಪೈಪನ್ನು (ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ಮರಳುವ ಪೈಪು) ಅಳತೆ ಕ್ಯಾನಿಗೆ ಬಿಟ್ಟು ಪೆಟ್ರೋಲ್ ಪಂಪ್ ಓಡಿಸಿದೆ. ಹರಿವು ತೀರಾ ಕಡಿಮೆ. ಪಂಪ್ ಚಾಲೂ ಇರುವಾಗಲೇ ಮೀಟರ್ ಹಿಡಿದೆ: ಬ್ಯಾಟರಿಯಲ್ಲಿ 12.4 ವೋಲ್ಟ್, ಪಂಪಿನ ಕನೆಕ್ಟರಿನಲ್ಲಿ 10 ಕೂಡ ಇಲ್ಲ.

ಪಂಪ್ ಬದಲಿಸುವ ಮುಂಚೆ ಈ ಒಂದು ಅಳತೆ ಖಂಡಿತ ತೆಗೆದುಕೊಳ್ಳಿ. ಹಿಂಬದಿ ಸೀಟಿನ ಕೆಳಗೆ ಪಂಪಿನ ಅರ್ಥ್ ವೈರಿನ ರಿಂಗ್ ಹಸಿರು ಕಿಲುಬು ಹಿಡಿದು, ಅದರಡಿಯ ತಗಡು ತುಕ್ಕಾಗಿತ್ತು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ನಿಲ್ಲಿಸಿಟ್ಟ ಗಾಡಿಗಳಿಗೆ ಇದು ತಪ್ಪಿದ್ದಲ್ಲ. ತಗಡು ಉಜ್ಜಿ, ಹೊಸ ರಿಂಗ್ ಹಾಕಿ, ಬ್ಯಾಟರಿಯಿಂದ ಫ್ಯೂಸ್ ಮತ್ತು ರಿಲೇ ಮೂಲಕ ದಪ್ಪ ವೈರ್ ಎಳೆದೆ. ಕ್ಯಾನ್ ಬೇಗ ತುಂಬಿತು. ಜತೆಗೆ ಪ್ರೆಶರ್ ಸ್ವಿಚ್ಚನ್ನೂ ಕೂರಿಸಿದೆ. ಪೆಟ್ರೋಲ್ ಒತ್ತಡ ಬಿದ್ದರೆ ನೈಟ್ರಸ್ ತಾನೇ ಕಟ್ ಆಗುತ್ತದೆ.