ಮನೆ ಗ್ರೂಪಿಗೆ ಬರುವ ಫಾರ್ವರ್ಡ್‌ಗಳನ್ನು ನಾನು ನೋಡುವ ರೀತಿ

ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಬರುವ ಫಾರ್ವರ್ಡ್‌ಗಳು ನಿಜವೋ ಸುಳ್ಳೋ ಅಂತ ನೋಡುವ ಕೆಲಸ ನನ್ನದು. ಯಾರೂ ಹೇಳಿದ್ದಲ್ಲ, 2018ರಲ್ಲಿ ನಾನೇ ಹಚ್ಚಿಕೊಂಡಿದ್ದು.

ಆ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಜನ ಹೊಡೆದು ಕೊಂದರು. ಅವರ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು, ಅಷ್ಟೇ. ಮಕ್ಕಳ ಕಳ್ಳರು ಬರುತ್ತಿದ್ದಾರೆ ಎಂಬ ಮೆಸೇಜ್ ಅವರ ಕಾರಿಗಿಂತ ಮುಂಚೆ ಮುಂದಿನ ಊರು ಮುಟ್ಟಿತ್ತು. ಅಂಥ ಮೆಸೇಜ್ ಕಳಿಸುವವರಲ್ಲಿ ಎಷ್ಟೋ ಜನ ನಮ್ಮ ಮಕ್ಕಳು ಹುಷಾರಾಗಿರಲಿ ಅಂತಲೇ ಕಳಿಸುತ್ತಾರೆ. ನನ್ನನ್ನು ಜಾಸ್ತಿ ಕಾಡುವುದು ಅದೇ.

ನಾನು ಮೊದಲು ನೋಡುವುದು ಫಾರ್ವರ್ಡ್ ಆದ ಮೆಸೇಜಿನ ಮೇಲೆ ವಾಟ್ಸಾಪ್ ತೋರಿಸುವ ಜೋಡಿ ಬಾಣದ ಗುರುತು. ಅದಿದ್ದರೆ ಮೆಸೇಜ್ ಕಡಿಮೆ ಅಂದರೂ ಐದು ಕೈ ದಾಟಿ ಬಂದಿದೆ ಅಂತ ಲೆಕ್ಕ. ವಿಡಿಯೋ ಆದರೆ ಅಂಗಡಿ ಬೋರ್ಡೋ ಗಾಡಿ ನಂಬರೋ ಕಾಣುವ ಕಡೆ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು, ಅದೇ ಚಿತ್ರ ಇಂಟರ್ನೆಟ್ಟಿನಲ್ಲಿ ಬೇರೆಲ್ಲಿದೆ ಅಂತ ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಹಾಕುತ್ತೇನೆ.

ದೊಡ್ಡಪ್ಪ ಕಳಿಸಿದ ಒಂದು ವಿಡಿಯೋ ಹೀಗೇ ಸಿಕ್ಕಿಬಿತ್ತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯದು, ಪೋಷಕರನ್ನು ಎಚ್ಚರಿಸಲು ಮಾಡಿದ ಜಾಹೀರಾತು. ಪೂರ್ತಿ ವಿಡಿಯೋದಲ್ಲಿ ಅವರು ಮಗುವನ್ನು ವಾಪಸ್ ತಂದು ಬಿಟ್ಟು, ಒಂದು ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯ ಭಾಗವನ್ನೇ ಕತ್ತರಿಸಿ ಹರಿಯಬಿಟ್ಟಿದ್ದರು.

ಗ್ರೂಪಿನಲ್ಲಿ ಎಲ್ಲರೆದುರು "ಇದು ಸುಳ್ಳು" ಅಂದರೆ ಹಿರಿಯರಿಗೆ ನೋವಾಗುತ್ತದೆ, ಅಲ್ವಾ? ಅದಕ್ಕೇ ಫೋನ್ ಮಾಡಿದೆ. "ದೊಡ್ಡಪ್ಪ, ಆ ವಿಡಿಯೋ ನಮ್ಮ ಕಡೇದಲ್ಲ. ಪೂರ್ತಿ ಇರೋದನ್ನ ಕಳಿಸಿದ್ದೀನಿ, ನೋಡಿ. ನೀವೇ ಗ್ರೂಪಿಗೆ ಹಾಕಿಬಿಡಿ." ಅವರೇ ಹಾಕಿದರು. ನಾನು ಹೇಳಿದ್ದರೆ ಅಷ್ಟು ಜನ ಕೇಳುತ್ತಿರಲಿಲ್ಲ. ನಮ್ಮ ಗ್ರೂಪಿನಲ್ಲಿ ಅಳಿಸಿದ ಮಾತ್ರಕ್ಕೆ ಬೇರೆ ಗ್ರೂಪಿನದು ಹೋಗುವುದಿಲ್ಲ. ಹಾಗಾಗಿ ಇನ್ನೆಲ್ಲಿಗೆ ಕಳಿಸಿದ್ದರೋ ಅಲ್ಲಿಗೂ ಹಾಕಿಸಿದೆ.

ಮಗು ಕಾಣೆಯಾಗಿದೆ ಎಂಬ ಫೋಟೋ ಬಂದರೆ ಅದರಲ್ಲಿರುವ ನಂಬರಿಗೆ ಮೊದಲು ಫೋನ್ ಮಾಡುತ್ತೇನೆ. ಮಗು ಸಿಕ್ಕಿ ಎಷ್ಟೋ ಕಾಲವಾದರೂ ಫೋಟೋ ಸುತ್ತುತ್ತಲೇ ಇರುತ್ತದೆ. ನಿಜವಾಗಿ ಕಣ್ಣೆದುರಿಗೇ ಅನುಮಾನ ಬರುವಂಥದ್ದು ಕಂಡರೆ ತುರ್ತು ಸಹಾಯದ 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಫೋನ್ ಮಾಡಿ ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಎರಡೂ ನಂಬರನ್ನು ಅಮ್ಮನ ಫೋನಿನಲ್ಲಿ ಸೇವ್ ಮಾಡಿಕೊಟ್ಟಿದ್ದೇನೆ.